ದೊಡ್ಡಮ್ಮನಿಗೆ ಆಗದ ಗಂಧಕ

ಅಕ್ಕನ ಸೀಮಂತದ ಊಟಕ್ಕೆ ಕುಣಿಗಲ್ಲಿನ ಅವಳ ಅತ್ತೆಮನೆಯ ಮಹಡಿಯ ಮೇಲೆ ಎಲೆ ಹಾಕಿದ್ದರು. ಅಕ್ಕ ಎಂದರೆ ನನ್ನ ದೊಡ್ಡಮ್ಮನ ಮಗಳು. ದೊಡ್ಡಮ್ಮ ನನ್ನ ಅಮ್ಮನ ಅಕ್ಕ, ಗುಬ್ಬಿಯಲ್ಲಿರುತ್ತಾಳೆ. ಎಲ್ಲರ ಎಲೆಗೂ ಈರುಳ್ಳಿ ಹಾಕಿದ ಪಲ್ಯ, ಹುಳಿ, ಬೋಂಡ ಬೀಳುತ್ತಿದ್ದಾಗ ದೊಡ್ಡಮ್ಮ ಮಾತ್ರ ಕೈಚೀಲದಿಂದ ಸ್ಟೀಲ್ ಡಬ್ಬಿ ತೆಗೆದು, ಮನೆಯಿಂದ ಕಟ್ಟಿಕೊಂಡು ಬಂದಿದ್ದ ಹೀರೇಕಾಯಿ ತೊವ್ವೆಯನ್ನು ಅನ್ನಕ್ಕೆ ಸುರಿದುಕೊಂಡಳು. ಯಾರಿಗೂ ಕಾಣಬಾರದೆಂದು ಎಡಗೈಯಿಂದ ಡಬ್ಬಿಯನ್ನು ಮರೆಮಾಡಿದ್ದಳು. ಹಾಗೆ ಮರೆಮಾಡಿದ್ದರಿಂದಲೇ ಎಲ್ಲರಿಗೂ ಕಂಡಿತು.

ಬಡಿಸುತ್ತಾ ಬಂದ ಅಕ್ಕನ ಅತ್ತೆ ಪಲ್ಯದ ಸೌಟು ಹಿಡಿದು ಅಲ್ಲೇ ನಿಂತರು.

“ಏನ್ರೀ ಬೀಗ್ರೇ, ನಮ್ಮನೆ ಅಡಿಗೆ ಸೇರಲ್ವಾ?”

“ಸೇರದೇ ಏನ್ರೀ. ನಂಗೆ ಗಂಧಕ ಆಗಲ್ಲ.”

“ನಾವೇನ್ ಪಟಾಕಿ ಬಡಿಸ್ತಿದೀವಾ?”

ಸಾಲಿನಲ್ಲಿ ಕೂತವರೆಲ್ಲ ನಕ್ಕರು. ದೊಡ್ಡಮ್ಮನೂ ನಕ್ಕಳು. “ಹಂಗಲ್ಲ ಕಣ್ರೀ, ಈರುಳ್ಳಿ ಬೆಳ್ಳುಳ್ಳೀಲಿ ಗಂಧಕ ಇರ್ತದೆ. ಮುಟ್ಟಂಗಿಲ್ಲ ನಾನು.”

“ಬೆಳ್ಳುಳ್ಳಿ ಮುಟ್ಟದೆ ಬಾಣಂತನ ಹೆಂಗ್ ಮಾಡ್ತೀರಾ? ಬಾಣಂತಿಗೆ ತುಪ್ಪದಲ್ಲಿ ಬೆಳ್ಳುಳ್ಳಿ ಹುರಿದು ಕೊಡೋರ್ಯಾರು, ನಿಮ್ ಯಜಮಾನ್ರಾ?”

ಪಕ್ಕದ ಎಲೆಯಲ್ಲಿದ್ದ ದೊಡ್ಡಪ್ಪ ಪಾಯಸ ನೆತ್ತಿಗೆ ಹತ್ತಿಸಿಕೊಂಡು ಕೆಮ್ಮಿದರು. ಮತ್ತೆ ನಗು.

“ಬುಡಿ, ಯಾಕೆ ನಿಮಗೆ ತೊಂದ್ರೆ,” ಎಂದರು ಅಕ್ಕನ ಅತ್ತೆ, ಈ ಸಲ ತಮಾಷೆಯಿಲ್ಲದ ದನಿಯಲ್ಲಿ. “ಬಾಣಂತನ ಇಲ್ಲೇ ಆಗ್ಲಿ. ನೀವು ಬಂದು ಮಗು ನೋಡ್ಕೊಂಡು ಹೋದ್ರಾಯ್ತು.”

ದೊಡ್ಡಮ್ಮನ ಕೈ ಅನ್ನದ ಮೇಲೆ ನಿಂತುಬಿಟ್ಟಿತು. ನಮ್ಮಲ್ಲಿ ಚೊಚ್ಚಲ ಬಾಣಂತನ ತಾಯಿಮನೆಯದು. ಅದನ್ನು ಯಾರೂ ಬೇಡಿ ಪಡೆಯುವುದಿಲ್ಲ, ಯಾರೂ ಬೇಡವೆನ್ನುವುದೂ ಇಲ್ಲ. ಒಂಬತ್ತನೇ ತಿಂಗಳಿಗೆ ಮಗಳನ್ನು ಕರೆದುಕೊಂಡು ಹೋಗಲೆಂದು ಗುಬ್ಬಿಯ ಮನೆಯ ಒಳಕೋಣೆಗೆ ಆಗಲೇ ಸುಣ್ಣ ಹೊಡೆಸಿ ಆಗಿತ್ತು.

ಕೈ ತೊಳೆಯಲು ಹೋದಾಗ ಅಕ್ಕ ನನ್ನನ್ನು ಕೋಣೆಯೊಳಕ್ಕೆ ಎಳೆದುಕೊಂಡಳು. ಕೈತುಂಬಾ ಹಸಿರು ಬಳೆ, ಕಣ್ಣಲ್ಲಿ ನೀರು.

“ನೀನು ಕೆಮಿಸ್ಟ್ರಿ ಓದಿದೀಯಲ್ಲೇ. ಆ ಗಂಧಕಕ್ಕೆ ಏನಾದ್ರೂ ಮಾಡೇ. ಇಲ್ಲಿ ಎಲ್ಲಾರೂ ಒಳ್ಳೇವ್ರೇ, ಆದ್ರೆ ನಂಗೆ ಅಮ್ಮನ ಕೈಲೇ ನೀರು ಹಾಕಿಸ್ಕೋಬೇಕು ಕಣೇ.”

ನಾನು ತುಮಕೂರಿನ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಮನೆಯವರ ನಡುವೆ ನಾನು ಕಲಿಸುವ ವಿಷಯವನ್ನು ನಾನಾಗಿ ಎತ್ತಿದವಳಲ್ಲ. ಕೇಳಿದವರೂ ಇರಲಿಲ್ಲ. ಆದರೆ ಅಕ್ಕ ನನ್ನ ಮಣಿಕಟ್ಟು ಹಿಡಿದು ಕೇಳಿದ್ದು ಗಂಧಕದ ಬಗ್ಗೆ. ಪ್ರತಿ ವರ್ಷ ಪ್ರಯೋಗಾಲಯದಲ್ಲಿ ನಾನು ಹುಡುಗರ ಕೈಯಲ್ಲಿ ಹುಡುಕಿಸುವ ಅದೇ ಗಂಧಕ. “ನೋಡ್ತೀನಿ,” ಎಂದೆ.

ಸಂಜೆ ತುಮಕೂರಿನ ಬಸ್ಸಿನಲ್ಲಿ ದೊಡ್ಡಮ್ಮನ ಪಕ್ಕ ಕೂತು, ಮೊದಲಿನಿಂದ ಹೇಳು ಎಂದೆ. ಕೆಲವು ವರ್ಷಗಳ ಹಿಂದೆ ಉರಿಮೂತ್ರಕ್ಕೆಂದು ಯಾರೋ ಕೊಟ್ಟ ಮಾತ್ರೆ ನುಂಗಿ ಅವಳ ಮೈಯೆಲ್ಲ ದದ್ದು ಎದ್ದಿತ್ತು, ತುಟಿ ಊದಿಕೊಂಡಿತ್ತು, ಆಸ್ಪತ್ರೆಗೆ ಸೇರಿಸಿದ್ದರು. ಅಷ್ಟು ನನಗೂ ಗೊತ್ತಿತ್ತು. ನನಗೆ ಬೇಕಾಗಿದ್ದದ್ದು ಅಲ್ಲಿನ ಡಾಕ್ಟರು ಆಡಿದ ಮಾತು.

“‘ಸಲ್ಫಾ ಆಗಲ್ಲ ಇವ್ರಿಗೆ’ ಅಂದ್ರು. ‘ಸಲ್ಪ ಆಗಲ್ವಾ, ಪೂರ್ತಿ ಆಗಲ್ವಾ ಡಾಕ್ಟ್ರೇ’ ಅಂತ ಕೇಳ್ದೆ. ‘ಪೂರ್ತಿನೇ ಆಗಲ್ಲಮ್ಮ, ಒಂದು ಚೂರೂ ಬೇಡ’ ಅಂದ್ರು.”

ನಮ್ಮ ಕಡೆ ‘ಸ್ವಲ್ಪ’ ಬಾಯಿಗೆ ಬರುವಾಗ ‘ಸಲ್ಪ’ ಆಗಿರುತ್ತದೆ. ಡಾಕ್ಟರು ಸಲ್ಫಾ ಎಂದು ಔಷಧಿಗಳ ಒಂದು ಗುಂಪಿನ ಹೆಸರು ಹೇಳಿದ್ದರು. ದೊಡ್ಡಮ್ಮ ಪ್ರಮಾಣ ಕೇಳಿದ್ದಳು. ಇಬ್ಬರೂ ತಮಗೆ ಅರ್ಥವಾಯಿತೆಂದುಕೊಂಡಿದ್ದರು.

“ಏನು ಪೂರ್ತಿ ಆಗಲ್ಲ ಅಂತ ಗೊತ್ತಾಗೋದು ಬೇಡ್ವಾ? ಇವ್ರು ಹೋಗಿ ಮೆಡಿಕಲ್ ಸ್ಟೋರಲ್ಲಿ ಕೇಳಿದ್ರು.”

ಮುಂದಿನ ಸೀಟಿನಲ್ಲಿದ್ದ ದೊಡ್ಡಪ್ಪ ಪೂರ್ತಿ ತಿರುಗಿ ಕೂತರು. “ಸಲ್ಫಾ ಅಂದ್ರೆ ಸಲ್ಫರ್ ಸಾರ್, ಗಂಧಕ ಅಂದ ಅವ್ನು. ಮನೆಗೆ ಬಂದು ಮೊಬೈಲಲ್ಲಿ ಹಾಕ್ದೆ, ಗಂಧಕ ಯಾವ್ಯಾವುದರಲ್ಲಿ ಇದೆ ಅಂತ. ಬೆಳ್ಳುಳ್ಳಿ, ಈರುಳ್ಳಿ, ಮೂಲಂಗಿ, ಕೋಸು, ಸಾಸಿವೆ. ಒಂದು ವಿಡಿಯೋ ಅಲ್ಲಮ್ಮ, ನೋಡಿದ ವಿಡಿಯೋ ಎಲ್ಲಾ ಅದನ್ನೇ ಹೇಳ್ತವೆ. ಸುಳ್ಳಾ? ಇದೆಯೋ ಇಲ್ವೋ ಬೆಳ್ಳುಳ್ಳೀಲಿ ಗಂಧಕ?”

“ಇದೆ ದೊಡ್ಡಪ್ಪ.”

“ಮತ್ತೆ?”

“ಅದಕ್ಕೆ ಮುಂಚೆ ದೊಡ್ಡಮ್ಮ ಚಿಕ್ಕಂದಿನಿಂದ ಬೆಳ್ಳುಳ್ಳಿ ತಿಂದಿದ್ಲಲ್ಲ, ಏನೂ ಆಗ್ಲಿಲ್ವಲ್ಲ.”

“ಆಗ ಮೈಗೆ ಗಂಧಕ ಅಂದ್ರೇನು ಅಂತ ಗೊತ್ತಿರ್ಲಿಲ್ಲ,” ಎಂದಳು ದೊಡ್ಡಮ್ಮ, ಕಿಟಕಿಯಾಚೆ ನೋಡುತ್ತಾ. “ಈಗ ಗೊತ್ತಾಗ್ಬುಟ್ಟಿದೆ.”

ಮೈ ಒಂದು ವಸ್ತುವನ್ನು ಗುರುತಿಟ್ಟುಕೊಳ್ಳುತ್ತದೆ ಎಂಬುದು ನಿಜವೇ. ಹೆಬ್ಬೂರು ಬಂತು, ಜನ ಇಳಿದರು, ಹತ್ತಿದರು. ನಾನು ಅದನ್ನೇ ಯೋಚಿಸುತ್ತಿದ್ದೆ. ಮೈ ಗುರುತಿಟ್ಟುಕೊಂಡದ್ದು ಏನನ್ನು? ಗಂಧಕವನ್ನೇ? ಗಂಧಕವೊಂದನ್ನೇ ಬಿಡಿಯಾಗಿ ದೊಡ್ಡಮ್ಮನ ಮೈ ಎಂದಾದರೂ ಕಂಡಿದೆಯೇ? ಬಸ್ಸು ತುಮಕೂರಿಗೆ ಹತ್ತಿರವಾಗುವ ಹೊತ್ತಿಗೆ ನನಗೆ ಸೀಟಿನಲ್ಲಿ ಕೂರಲಾಗುತ್ತಿರಲಿಲ್ಲ. ನನಗೆ ಗೊತ್ತಿದ್ದ ಪಾಠವೊಂದು, ಪುಸ್ತಕದಿಂದ ಎದ್ದು ಬಂದು ನಮ್ಮ ಮನೆಯ ಅಡಿಗೆಮನೆಯಲ್ಲಿ ನಿಂತಿತ್ತು.

ಪಾಠ ಇಷ್ಟೇ. ಗಂಧಕ ಎರಡು ಬಗೆಯಲ್ಲಿ ಬಾಳುತ್ತದೆ. ಒಂದು, ಇಂಗಾಲದ ಸಹವಾಸವಿಲ್ಲದೆ. ಹಳದಿ ಪುಡಿಯಾಗಿ ಬಿಡಿಯಾಗಿರಬಹುದು, ಇಲ್ಲವೇ ಆಮ್ಲಜನಕದ ಜೊತೆ ಸೇರಿ ಸಲ್ಫೇಟ್ ಎಂಬ ಉಪ್ಪಾಗಿ ಮಣ್ಣಲ್ಲಿ, ನೀರಲ್ಲಿ ಇರಬಹುದು. ಇದು ನಿರವಯವ ಗಂಧಕ. ಇನ್ನೊಂದು, ಇಂಗಾಲಕ್ಕೆ ಅಂಟಿಕೊಂಡು, ಗಿಡದ, ಪ್ರಾಣಿಯ ಮೈಯ ಭಾಗವಾಗಿ. ಇದು ಸಾವಯವ ಗಂಧಕ. ಬೆಳ್ಳುಳ್ಳಿಯ ಘಾಟು, ಈರುಳ್ಳಿಯ ಕಣ್ಣುರಿ, ಬೇಳೆಯ ಸತ್ವ, ಎಲ್ಲ ಇದರದೇ. ದೊಡ್ಡಮ್ಮ ಸೀಮಂತದ ಮನೆಗೆ ಒಯ್ದಿದ್ದ ತೊವ್ವೆಯ ತೊಗರಿಬೇಳೆಯಲ್ಲೂ ಅದಿತ್ತು. ಡಬ್ಬಿಯಲ್ಲಿ ಗಂಧಕವನ್ನೇ ತುಂಬಿಕೊಂಡು, ಗಂಧಕಕ್ಕೆ ಹೆದರಿ ಕೂತಿದ್ದಳು.

ಮುಂದಿನ ಭಾನುವಾರ ಗುಬ್ಬಿಗೆ ಹೋಗಿ ಇದನ್ನೆಲ್ಲ ಹೇಳಿದೆ. ದೊಡ್ಡಮ್ಮ ಅವರೆಕಾಯಿ ಬಿಡಿಸುತ್ತಾ ಕೇಳಿಸಿಕೊಂಡಳು. ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಕೇಳಿಸಿಕೊಂಡರು. “ಅಂದ್ರೆ ಸಾವಯವ ಬೇರೆ, ನಿರವಯವ ಬೇರೆ,” ಎಂದರು. ಹೌದು ಎಂದೆ. “ಬೆಳ್ಳುಳ್ಳೀಲಿರೋದು ಸಾವಯವ.” ಹೌದು ಎಂದೆ. ಅವರು ತೃಪ್ತಿಯಿಂದ ತಲೆಯಾಡಿಸಿದರು. ಊರಿಗೆ ವಾಪಸಾಗುವಾಗ ನನಗೆ ಎಷ್ಟು ಹಗುರವಾಗಿತ್ತೆಂದರೆ, ಕೆಲಸ ಮುಗಿಯಿತೆಂದೇ ಅಕ್ಕನಿಗೆ ಮೆಸೇಜು ಹಾಕಿದೆ.

ಕೆಲಸ ಎಲ್ಲಿಗೆ ಬಂದಿದೆ ಎಂಬುದು ಅದರ ಮುಂದಿನ ವಾರ ಗೊತ್ತಾಯಿತು. ನಾನು ಹೋದಾಗ ಅಡಿಗೆಮನೆಯ ಕಟ್ಟೆಯ ಮೇಲೆ ಹಸಿರು ಎಲೆಯ ಚಿತ್ರವಿದ್ದ ದಪ್ಪ ಕಾಗದದ ಚೀಲವೊಂದಿತ್ತು. ದೊಡ್ಡಪ್ಪ ಅದನ್ನು ಎತ್ತಿ ತೋರಿಸಿದರು.

“ತುಮಕೂರಿಗೇ ಹೋಗಿದ್ದೆ. ಇಲ್ಲಿ ಸಂತೇಲಿ ಸಿಗಲ್ಲ. ಆರ್ಗ್ಯಾನಿಕ್ ಅಂಗಡಿ. ಪಕ್ಕಾ ಸಾವಯವ ಬೆಳ್ಳುಳ್ಳಿ.”

ನಾನು ಚೀಲ ನೋಡಿದೆ, ದೊಡ್ಡಪ್ಪನ ಮುಖ ನೋಡಿದೆ.

“ಗೊಬ್ಬರದಂಗಡಿ ಔಷಧಿ ಹೊಡೆದು ಬೆಳೆಯೋ ಬೆಳ್ಳುಳ್ಳೀಲಿ ನಿರವಯವ ಗಂಧಕ,” ಎಂದು ಅವರು ದೊಡ್ಡಮ್ಮನಿಗೆ ವಿವರಿಸಿದರು. “ಸಗಣಿ ಗೊಬ್ಬರದಲ್ಲಿ ಬೆಳೆದ್ರೆ ಸಾವಯವ. ಇವ್ಳು ಹೇಳಿದ್ದು ಅದೇ. ನಂಗೆ ಅವತ್ತೇ ಅರ್ಥ ಆಯ್ತು.”

ನಗು ಬಂತು, ನಗಲಿಲ್ಲ. ತಪ್ಪು ಅವರದಲ್ಲ, ಪದದ್ದು. ಕನ್ನಡದಲ್ಲಿ ‘ಸಾವಯವ’ ಎಂದರೆ ಅಂಗಡಿಯವನಿಗೂ ರೈತನಿಗೂ ರಾಸಾಯನಿಕ ಗೊಬ್ಬರವಿಲ್ಲದೆ ಬೆಳೆದದ್ದು. ನಮ್ಮ ಪಠ್ಯಪುಸ್ತಕಕ್ಕೆ ಇಂಗಾಲವಿರುವ ಸಂಯುಕ್ತ. ಯೂರಿಯಾ ಚೀಲದಲ್ಲಿರುವುದೂ ನಮ್ಮ ಪುಸ್ತಕದ ಪ್ರಕಾರ ಸಾವಯವ. ಸಗಣಿ ಗೊಬ್ಬರದವರು ಬೆಳೆಗೆ ಹೊಡೆಯುವ ಹಳದಿ ಗಂಧಕದ ಪುಡಿ ನಿರವಯವ. ಅದನ್ನೇ ಹೇಳಿದೆ. ಯಾವ ಬೆಳ್ಳುಳ್ಳಿಯಾದರೂ ಒಂದೇ, ಸಂತೆಯದಾದರೂ ಚೀಲದ್ದಾದರೂ ಅದರೊಳಗಿನ ಗಂಧಕ ಇಂಗಾಲಕ್ಕೆ ಅಂಟಿಕೊಂಡೇ ಇರುತ್ತದೆ ಎಂದೆ.

ದೊಡ್ಡಪ್ಪ ಚೀಲ ಕೆಳಗಿಟ್ಟರು. ದೊಡ್ಡಮ್ಮ ನನ್ನನ್ನೇ ನೋಡುತ್ತಿದ್ದಳು. ಅವಳು ಓದಿದ್ದು ಹೈಸ್ಕೂಲಿನವರೆಗೆ, ಆದರೆ ಪ್ರಶ್ನೆ ಕೇಳುವಾಗ ಜಾಗ ತಪ್ಪುವುದಿಲ್ಲ.

“ಸರಿ. ಆ ಮಾತ್ರೇಲಿತ್ತಲ್ಲ, ನಂಗೆ ಆಗ್ದಿದ್ದು, ಅದು ಯಾವ್ದು? ನಿರವಯವಾನಾ?”

ಹೌದೆಂದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಮಾತ್ರೆಯದು ನಿರವಯವ, ಕೆಟ್ಟದ್ದು. ಬೆಳ್ಳುಳ್ಳಿಯದು ಸಾವಯವ, ಒಳ್ಳೆಯದು. ಅವಳು ಅಂದೇ ಒಗ್ಗರಣೆ ಹಾಕುತ್ತಿದ್ದಳು.

“ಇಲ್ಲ ದೊಡ್ಡಮ್ಮ,” ಎಂದೆ. “ಅದೂ ಸಾವಯವಾನೇ.”

“ಅಂದ್ರೆ ಬೆಳ್ಳುಳ್ಳೀದೂ ಮಾತ್ರೇದೂ ಒಂದೇ ಜಾತಿ.”

“ಜಾತಿ ಒಂದೇ, ಆದ್ರೆ...”

“ಸಾಕು ಬುಡು.” ಎದ್ದು ಚೀಲವನ್ನು ಎರಡು ಬೆರಳಲ್ಲಿ ಹಿಡಿದು ಹಿತ್ತಲಿನ ಕಟ್ಟೆಯ ಮೇಲಿಟ್ಟು ಬಂದು ಕೈ ತೊಳೆದಳು. “ನಾನು ಇದನ್ನ ತಿಂದು ಆಸ್ಪತ್ರೇಲಿ ಮಲಗಿಬಿಟ್ರೆ ಬಾಣಂತಿ ನೋಡ್ಕಳೋರ್ಯಾರು? ಅವ್ಳ ಅತ್ತೆ ಹೇಳಿದ್ದೇ ಸರಿ.”

ಹಾಗಾದರೆ ಡಾಕ್ಟರ ಹತ್ತಿರ ಹೋಗೋಣ, ನನ್ನ ಮಾತು ನಂಬಬೇಡ ಎಂದೆ. ಅವಳು ಅದಕ್ಕೂ ಒಪ್ಪಲಿಲ್ಲ. “ಹೋದ ಸಲ ಹೋಗಿ ಬೆಳ್ಳುಳ್ಳಿ ಬಿಟ್ಟೆ. ಈ ಸಲ ಹೋದ್ರೆ ಅನ್ನ ಬಿಡಿಸ್ತಾರೆ.”

ಗುಬ್ಬಿಯಿಂದ ಬರುವಾಗ ನನಗೆ ಬೇಸರವಾಗಬೇಕಿತ್ತು. ಆಗಲಿಲ್ಲ. ಅವಳ ಪ್ರಶ್ನೆ ನನ್ನನ್ನು ಬಿಡಲೇ ಇಲ್ಲ. ಪರೀಕ್ಷೆಗೆ ಬರೆದು ಬರೆದು ನಾನು ಈ ಸಾವಯವ ನಿರವಯವಗಳ ಗೆರೆಯನ್ನು ಗೋಡೆ ಎಂದುಕೊಂಡಿದ್ದೆ. ಈಚೆಗೆ ಇದು, ಆಚೆಗೆ ಅದು. ಆದರೆ ಬೆಳ್ಳುಳ್ಳಿಯೂ ಅವಳನ್ನು ಆಸ್ಪತ್ರೆಗೆ ಸೇರಿಸಿದ ಮಾತ್ರೆಯೂ ಗೆರೆಯ ಒಂದೇ ಬದಿಯಲ್ಲಿದ್ದವು. ಮತ್ತೆ, ಬೆಳ್ಳುಳ್ಳಿ ತನ್ನ ಗಂಧಕವನ್ನು ತಂದದ್ದಾದರೂ ಎಲ್ಲಿಂದ? ಮಣ್ಣಿನ ಸಲ್ಫೇಟಿನಿಂದ. ಗೆರೆಯ ಆಚೆಯದನ್ನು ಬೇರಿನಿಂದ ಹೀರಿ ಈಚೆಯದಾಗಿಸುತ್ತದೆ. ಬೆಳ್ಳುಳ್ಳಿಯ ಸಿಪ್ಪೆ ತಿಪ್ಪೆಯಲ್ಲಿ ಕೊಳೆತರೆ ಮತ್ತೆ ಆಚೆಯದಾಗುತ್ತದೆ. ಪರಮಾಣು ಅದೇ. ಯಾರ ಪಕ್ಕ, ಹೇಗೆ ಕೂತಿದೆ ಎಂಬುದಷ್ಟೇ ಬೇರೆ. ಮೈ ನೋಡುವುದು ಆ ಇಡೀ ಕೂಟವನ್ನು. ಒಂದು ಗಂಧಕವನ್ನಲ್ಲ. ಇದು ನನಗೆ ಮೊದಲೂ ಗೊತ್ತಿತ್ತು, ಆದರೆ ಆವತ್ತು ಬಸ್ಸಿನಲ್ಲಿ ತಿಳಿಯಿತು. ಪಕ್ಕದ ಹೆಂಗಸು “ಏನಮ್ಮ, ಒಬ್ಬೊಬ್ಳೇ ನಗ್ತೀಯಾ” ಎಂದಾಗಲೇ ನಾನು ನಗುತ್ತಿದ್ದೆನೆಂದು ಗೊತ್ತಾದದ್ದು.

ಹೇಳಿದರೆ ಪದಗಳೇ ಅಡ್ಡ ಬರುತ್ತವೆ, ತೋರಿಸಬೇಕು ಎಂದುಕೊಂಡೆ. ವಿಭಾಗದ ಮುಖ್ಯಸ್ಥರನ್ನು ಕೇಳಿ, ಶನಿವಾರ ಮಧ್ಯಾಹ್ನ ಪ್ರಯೋಗಗಳಿಲ್ಲದ ಹೊತ್ತಿಗೆ ಲ್ಯಾಬಿನ ಒಂದು ಮೇಜು ತೆಗೆದುಕೊಂಡೆ. ದೊಡ್ಡಮ್ಮನಿಗೆ ಫೋನು ಮಾಡಿ ಎರಡು ವಸ್ತು ತರಲು ಹೇಳಿದೆ. ಮನೆಯ ಬೋರ್‌ವೆಲ್ ನೀರು ಒಂದು ಬಾಟಲಿ, ಮತ್ತು ಬಾಚಣಿಗೆಯಲ್ಲಿ ಉದುರಿದ ಕೂದಲು.

“ಕೂದ್ಲಾ? ಮಾಟ ಮಾಡಿಸ್ತೀಯೇನೇ?”

“ನೀನು ತಗೊಂಡ್ ಬಾ.”

ಕೂದಲಿಗೆ ಬದಲು ಸ್ಟೀಲ್ ಪಾತ್ರೆ ಕೊಡುವವಳಿಗೆಂದು ಅವಳು ಉದುರಿದ ಕೂದಲನ್ನು ಉಂಡೆ ಸುತ್ತಿ ಎತ್ತಿಡುತ್ತಾಳೆ. ಆ ಉಂಡೆಯನ್ನೇ ಕವರಿನಲ್ಲಿ ಹಾಕಿಕೊಂಡು ಬಂದಳು. ಮಗಳ ಸೀಮಂತಕ್ಕೆ ಉಟ್ಟ ಸೀರೆಯನ್ನೇ ಉಟ್ಟಿದ್ದಳು. ಲ್ಯಾಬಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದವಳನ್ನು ವಾಪಸು ಕರೆದುಕೊಂಡು ಹೋಗಿ ಹಾಕಿಸಿದೆ. ನೆಲಕ್ಕೆ ಆ್ಯಸಿಡ್ ಬಿದ್ದಿರಬಹುದು ಎಂದೆ. ಸರಸ್ವತಿ ಇರೋ ಜಾಗದಲ್ಲಿ ಚಪ್ಪಲಿ ಹಾಕ್ಕೊಂಡು ಓಡಾಡ್ತೀರಲ್ಲೇ ಎಂದು ಗೊಣಗಿಕೊಂಡೇ ಸ್ಟೂಲಿನ ಮೇಲೆ ಕೂತಳು. ದೊಡ್ಡಪ್ಪ ಬಾಗಿಲ ಬಳಿಯೇ ನಿಂತರು, ಏನಾದರೂ ಸಿಡಿದರೆ ಓಡಲು ಅನುಕೂಲವೆಂದು.

ಹಿಂದಿನ ಸಂಜೆ ಎಲ್ಲವನ್ನೂ ಒಮ್ಮೆ ಮಾಡಿ ನೋಡಿಕೊಂಡಿದ್ದೆ. ಒಂದು ಟೆಸ್ಟ್ ಟ್ಯೂಬಿಗೆ ಲ್ಯಾಬಿನ ಶುದ್ಧ ನೀರು, ಒಂದಕ್ಕೆ ಅವಳು ತಂದ ಬೋರ್ ನೀರು. ಎರಡಕ್ಕೂ ಆ್ಯಸಿಡ್ಡಿನ ಹನಿ, ಆಮೇಲೆ ಬೇರಿಯಂ ಕ್ಲೋರೈಡ್. ಸಲ್ಫೇಟ್ ಇದ್ದರೆ ಮುಚ್ಚಿಟ್ಟುಕೊಳ್ಳಲು ಬಿಡದ ದ್ರಾವಣ ಅದು. ಶುದ್ಧ ನೀರು ಹಾಗೆಯೇ ನಿಂತಿತು. ಗುಬ್ಬಿಯ ನೀರು ಅವಳ ಕಣ್ಣೆದುರೇ ಹಾಲಾಯಿತು.

“ಅಯ್ಯೋ!” ಎಂದಳು.

“ಈ ಬಿಳೀದು ಗಂಧಕ ಇರೋದಕ್ಕೆ ಬಂದಿದ್ದು. ನೀನು ದಿನಾ ಕುಡಿಯೋ ನೀರು.”

“ದಿನಾ?”

“ಬೋರು ಹಾಕಿಸಿದಾಗಿನಿಂದ.”

ದೊಡ್ಡಪ್ಪ ಬಾಗಿಲು ಬಿಟ್ಟು ಮೇಜಿನ ಹತ್ತಿರ ಬಂದರು. ನಾನು ಜಜ್ಜಿ ಸೋಸಿಟ್ಟಿದ್ದ ಬೆಳ್ಳುಳ್ಳಿಯ ರಸ ತೆಗೆದೆ. ದೊಡ್ಡಮ್ಮ ಸೆರಗನ್ನು ಮೂಗಿಗೆ ಹಿಡಿದು ಸ್ಟೂಲು ಹಿಂದಕ್ಕೆ ಎಳೆದುಕೊಂಡಳು. ಅದಕ್ಕೂ ಅದೇ ಬೇರಿಯಂ ಕ್ಲೋರೈಡ್ ಬಿಟ್ಟೆ. ತುಸು ಮಬ್ಬಾಯಿತು, ಅಷ್ಟೇ.

“ಇದ್ರಲ್ಲಿ ಇಲ್ವೇ ಇಲ್ಲ!” ಎಂದರು ದೊಡ್ಡಪ್ಪ, ಮೋಸ ಹೋದವರಂತೆ.

“ಇದೆ. ಕರೆದ್ರೆ ಬರಲ್ಲ. ಇಂಗಾಲ ಹಿಡ್ಕೊಂಡಿದೆ. ಇದೇ ಸಾವಯವ ಗಂಧಕ. ಒಡೆದು ತೆಗೀಬೇಕು.”

ರಸವನ್ನು ಕಾಸ್ಟಿಕ್ ಸೋಡಾ ನೀರಿನಲ್ಲಿ ಬಿಸಿ ಮಾಡಿ, ಬಿಡುಗಡೆಯಾದ ಗಂಧಕ ಸಿಕ್ಕರೆ ಕಪ್ಪಾಗುವ ಸೀಸದ ದ್ರಾವಣ ಲೆಡ್ ಅಸಿಟೇಟ್ ಹನಿಸಿದೆ. ಕಂದು ಬಣ್ಣ ಇಳಿಯುತ್ತಾ ಇಳಿಯುತ್ತಾ ಗಾಢವಾಯಿತು. ಈಗ ಬಂತು, ಎಂದೆ. ನನ್ನ ದನಿ ಲ್ಯಾಬಿನಲ್ಲಿ ಪ್ರತಿಧ್ವನಿಸಿ ನನಗೇ ನಾಚಿಕೆಯಾಯಿತು. ಆಮೇಲೆ ಕವರಿನ ಉಂಡೆಯಿಂದ ಒಂದು ಚಿಟಿಕೆ ಕೂದಲು ತೆಗೆದು ಇನ್ನೊಂದು ಟ್ಯೂಬಿನಲ್ಲಿ ಹಾಗೆಯೇ ಕಾಸಿದೆ. ಕೂದಲು ಕರಗಿತು. ಲೆಡ್ ಅಸಿಟೇಟ್ ಬಿದ್ದೊಡನೆ ಇಡೀ ಟ್ಯೂಬು ಕಾಡಿಗೆಯ ಹಾಗೆ ಕಪ್ಪಾಯಿತು. ಬೆಳ್ಳುಳ್ಳಿಗಿಂತ ಎಷ್ಟೋ ಕಪ್ಪು.

ದೊಡ್ಡಮ್ಮ ಸೆರಗು ಬಿಟ್ಟು ಬಗ್ಗಿ ನೋಡಿದಳು. “ಇದೇನಿದು?”

“ನಿನ್ನ ಕೂದಲಲ್ಲಿರೋ ಗಂಧಕ.”

ಅವಳ ಕೈ ತಾನಾಗಿ ತುರುಬಿಗೆ ಹೋಯಿತು. “ಹಂಗಾದ್ರೆ ನಂಗೆ ನನ್ ತಲೆನೇ ಆಗಲ್ವೇನೇ?”

ದೊಡ್ಡಪ್ಪ ಗೊಳ್ಳೆಂದು ನಕ್ಕರು. “ಅದು ನಂಗೆ ಮದ್ವೆ ಆದಾಗ್ಲೇ ಗೊತ್ತಿತ್ತು.”

“ನೀವು ಸುಮ್ನಿರಿ.” ಅವಳು ಟ್ಯೂಬುಗಳನ್ನು ಒಂದೊಂದಾಗಿ ನೋಡಿದಳು. ಬಿಳಿ, ಕಂದು, ಕಪ್ಪು. ಮತ್ತೆ ಅದೇ ಪ್ರಶ್ನೆಗೆ ಬಂದಳು. “ಸರಿ, ಮೈಯೆಲ್ಲಾ ಇದೇ ತುಂಬ್ಕೊಂಡಿದೆ. ಮತ್ತೆ ಆ ಮಾತ್ರೆ ಯಾಕೆ ಆಗ್ಲಿಲ್ಲ?”

“ಗಂಧಕ ಅದ್ರೊಳಗೆ ಒಂದು ಅಕ್ಷರ ಅಷ್ಟೇ ದೊಡ್ಡಮ್ಮ. ನಿನ್ನ ಮೈಗೆ ಆಗದೇ ಇರೋದು ಇಡೀ ಪದ.”

ಅವಳು ಕಪ್ಪು ಟ್ಯೂಬಿನತ್ತ ಇನ್ನೊಮ್ಮೆ ಬಗ್ಗಿ ನೋಡಿದಳು. ಆಮೇಲೆ, “ಸಕ್ಕರೇಲೂ ‘ಸ’ ಇದೆ, ಸಗಣೀಲೂ ‘ಸ’ ಇದೆ,” ಎಂದಳು. “ಅಂತ ‘ಸ’ನೇ ಬಾಯಿಗೆ ಹಾಕ್ಬಾರ್ದು ಅಂದ್ಕೊಂಡಿದ್ನಾ ನಾನು?”

ನನಗೆ ಅವಳನ್ನು ಅಪ್ಪಿಕೊಳ್ಳಬೇಕೆನಿಸಿತು. ಕೈಯಲ್ಲಿ ಸೀಸದ ದ್ರಾವಣವಿದ್ದದ್ದರಿಂದ ಅಪ್ಪಿಕೊಳ್ಳಲಿಲ್ಲ.

“ಆದ್ರೂ,” ಎಂದು ಎದ್ದಳು, “ನೀನು ಕಾಲೇಜ್ ಮೇಡಂ. ಡಾಕ್ಟ್ರು ಅಲ್ಲ. ನಡಿ, ಕೇಳ್ಕೊಂಡೇ ಬುಡಣ.”

ಅಂದೇ ಸಂಜೆ ತುಮಕೂರಿನಲ್ಲೇ ಒಬ್ಬ ಚರ್ಮದ ಡಾಕ್ಟರ ಬಳಿ ಹೋದೆವು. ವಯಸ್ಸಾದ ಹೆಂಗಸು, ಎದುರಿಗಿದ್ದವರ ಮಾತು ಮುಗಿಯುವವರೆಗೂ ಕಾಯುವವರು. ದದ್ದು ಹೇಗಿತ್ತು, ತುಟಿ ಯಾವಾಗ ಊದಿತು, ಮಾತ್ರೆ ಯಾವುದು, ಅದಕ್ಕೂ ಮೊದಲು ಈರುಳ್ಳಿ ಬೆಳ್ಳುಳ್ಳಿ ತಿಂದಾಗ ಏನಾದರೂ ಆಗಿತ್ತೇ, ಎಲ್ಲ ಕೇಳಿದರು. ದೊಡ್ಡಮ್ಮ ಉತ್ತರ ಹೇಳಿದಳು. ನಾನು ಬಾಯಿ ಬಿಡದೆ ಮೊಣಕಾಲಿನ ಮೇಲೆ ಕೈ ಇಟ್ಟುಕೊಂಡು ಕೂತಿದ್ದೆ. ಪರೀಕ್ಷೆಯ ಫಲಿತಾಂಶಕ್ಕೂ ಹಾಗೆ ಕಾದವಳಲ್ಲ ನಾನು.

“ಆ ಗುಂಪಿನ ಮಾತ್ರೆ ನಿಮಗೆ ಈ ಜನ್ಮದಲ್ಲಿ ಬೇಡ,” ಎಂದರು ಡಾಕ್ಟರು. “ಎಲ್ಲೇ ಹೋದ್ರೂ ಮೊದಲು ಅದನ್ನ ಹೇಳಿ. ಅದಕ್ಕೂ ನಿಮ್ಮ ಬೆಳ್ಳುಳ್ಳಿಗೂ ಸಂಬಂಧವೇ ಇಲ್ಲ. ಈರುಳ್ಳಿ, ಮೂಲಂಗಿ, ಸಾಸಿವೆ, ಯಾವುದನ್ನೂ ಬಿಡೋ ಅಗತ್ಯ ಇರ್ಲಿಲ್ಲ.”

ದೊಡ್ಡಮ್ಮ ಕುರ್ಚಿಯ ತುದಿಗೆ ಸರಿದಳು. ಮುಖ ಅರಳಿತ್ತು. “ಹಂಗಾದ್ರೆ ಡಾಕ್ಟ್ರೇ, ಇವತ್ತೇ ಸಲ್ಪ ತಿನ್ಲಾ?”

ಡಾಕ್ಟರ ಪೆನ್ನು ಮೇಜಿನ ಮೇಲೆ ಬಿತ್ತು. “ಸಲ್ಫಾನಾ? ಇಷ್ಟು ಹೊತ್ತು ಏನ್ ಹೇಳ್ದೆ ನಾನು? ಸಲ್ಫಾ ಯಾವ ಕಾರಣಕ್ಕೂ ಬಾಯಿಗೆ ಹಾಕ್ಬಾರ್ದು!”

ದೊಡ್ಡಮ್ಮನ ಮುಖ ಬಾಡಿತು. “ಸಲ್ಪಾನೂ ಬೇಡ್ವಾ?”

“ಬೇಡವೇ ಬೇಡ!”

“ಡಾಕ್ಟರ್,” ಎಂದು ನಾನು ಎದ್ದು ನಿಂತೆ. ಇಷ್ಟು ಗಟ್ಟಿಯಾಗಿ ನಾನು ಯಾರ ಎದುರೂ ಮಾತಾಡಿಲ್ಲ. “ಅವರು ಸ್ವಲ್ಪ ಅಂತಿದ್ದಾರೆ. ಸ್ವಲ್ಪ. ಬೆಳ್ಳುಳ್ಳಿ ಸ್ವಲ್ಪ ತಿನ್ಲಾ ಅಂತ.”

ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಅಂದು ಆಸ್ಪತ್ರೆಯಲ್ಲಿ ಏನಾಗಿತ್ತೆಂದು ನಾನು ವಿವರಿಸುವ ಅಗತ್ಯವೇ ಬೀಳಲಿಲ್ಲ. ಅವರ ಕಣ್ಣೆದುರೇ ಅದು ಇನ್ನೊಮ್ಮೆ ಆಗಿತ್ತು.

“ತಿನ್ನಿ,” ಎಂದರು. “ಎಷ್ಟು ಬೇಕೋ ಅಷ್ಟು ತಿನ್ನಿ. ಇನ್ಮೇಲೆ ಗಂಧಕ ಆಗಲ್ಲ ಅಂತ ಯಾರಿಗೂ ಹೇಳ್ಬೇಡಿ, ಸಲ್ಫಾ ಆಗಲ್ಲ ಅಂತಾನೂ ಹೇಳ್ಬೇಡಿ. ‘ಸಲ್ಫಾ ಮಾತ್ರೆ ಆಗಲ್ಲ’ ಅನ್ನಿ. ಮಾತ್ರೆ ಅನ್ನೋದನ್ನ ಮರೀಬೇಡಿ.”

ಆಸ್ಪತ್ರೆಯಿಂದ ನೇರ ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿಗೆ ನುಗ್ಗಿದವಳು ಮೆನು ನೋಡದೆ ಈರುಳ್ಳಿ ದೋಸೆ ಎಂದಳು. ದೋಸೆ ಬಂದಾಗ ಅದರ ಮೇಲೆ ಕೆಂಪಗೆ ಬೆಂದ ಈರುಳ್ಳಿಯನ್ನು ಬೆರಳಿಂದ ಮುಟ್ಟಿ, ಬೆರಳನ್ನು ಮೂಸಿ ನೋಡಿದಳು. ಮೊದಲ ತುತ್ತಿಗೆ ಕಣ್ಣು ಮುಚ್ಚಿದಳು. ದೊಡ್ಡಪ್ಪ ತಮ್ಮ ಕಾಫಿ ಮರೆತು ಅವಳ ತುಟಿಯನ್ನೇ ನೋಡುತ್ತಿದ್ದರು.

“ಏನ್ ನೋಡ್ತೀರಾ? ಊದಲ್ಲ. ಇನ್ನೊಂದು ಹೇಳಿ.”

ಒಂಬತ್ತನೇ ತಿಂಗಳು ಬೀಳುತ್ತಿದ್ದ ಹಾಗೆ ಅಕ್ಕನನ್ನು ಕರೆತರಲು ಕಾರು ಮಾಡಿಕೊಂಡು ಕುಣಿಗಲ್ಲಿಗೆ ಹೋದೆವು. ಅಕ್ಕನ ಅತ್ತೆಗೆ ಫೋನಿನಲ್ಲಿ ಎಲ್ಲ ಹೇಳಿಯಾಗಿತ್ತು. ಅವರು ನಂಬಿದ ಹಾಗೆ ಕಾಣಲಿಲ್ಲ. ಊಟಕ್ಕೆ ಕೂರುವ ಮೊದಲೇ ಒಂದು ಮೊರ ಬೆಳ್ಳುಳ್ಳಿ ತಂದು ದೊಡ್ಡಮ್ಮನ ಮುಂದಿಟ್ಟರು.

“ಸುಮ್ನೆ ಕೂತಿದೀವಲ್ಲ ಬೀಗ್ರೇ, ಬನ್ನಿ, ಬಿಡಿಸಣ.”

ಇಬ್ಬರೂ ನಡುಮನೆಯಲ್ಲಿ ಎದುರುಬದುರು ಕೂತು ಸುಲಿಯತೊಡಗಿದರು. ಅಕ್ಕ ಗೋಡೆಗೊರಗಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನೋಡುತ್ತಿದ್ದಳು. ಅತ್ತೆಯ ಕಣ್ಣು ದೊಡ್ಡಮ್ಮನ ಬೆರಳಿಂದ ಮೊಣಕೈಗೆ, ಅಲ್ಲಿಂದ ಕುತ್ತಿಗೆಗೆ ಏರುತ್ತಿತ್ತು. ಎಲ್ಲೂ ಏನೂ ಎದ್ದಿರಲಿಲ್ಲ. ದೊಡ್ಡಮ್ಮ ಎಂಥ ವೇಗದಲ್ಲಿ ಸುಲಿದಳೆಂದರೆ ಅತ್ತೆಯ ಪಾಲಿನ ರಾಶಿಯಿಂದಲೂ ಎಳೆದುಕೊಂಡಳು. ಊಟದಲ್ಲಿ ಬೆಳ್ಳುಳ್ಳಿ ಒಗ್ಗರಣೆಯ ಸಾರನ್ನು ಮತ್ತೆ ಮತ್ತೆ ಹಾಕಿಸಿಕೊಂಡಳು. ನೆಂಚಿಕೊಳ್ಳಲು ಬೆಳ್ಳುಳ್ಳಿ ಚಟ್ನಿ ಕೇಳಿದಳು.

“ಏನೂ ಆಗ್ಲಿಲ್ವಲ್ರೀ,” ಎಂದರು ಅತ್ತೆ ಕೊನೆಗೆ. ಸ್ವಲ್ಪ ನಿರಾಸೆಯಾದಂತಿತ್ತು.

“ಆಯ್ತಲ್ಲ, ಹೊಟ್ಟೆ ತುಂಬ್ತು.”

ಅತ್ತೆ ಎದ್ದು ಒಳಗೆ ಹೋದರು. ಬರುವಾಗ ಅಕ್ಕನ ಬಟ್ಟೆಯ ಬ್ಯಾಗು ಅವರ ಕೈಯಲ್ಲೇ ಇತ್ತು. ಇನ್ನೊಂದು ಕೈಯಲ್ಲಿ, ಮೊರದಲ್ಲಿ ಸುಲಿದಿಟ್ಟ ಬೆಳ್ಳುಳ್ಳಿಯಷ್ಟೂ ತುಂಬಿದ ಡಬ್ಬಿ. “ತುಪ್ಪದಲ್ಲಿ ಹದವಾಗಿ ಹುರೀರಿ. ಸೀಯಿಸ್ಬೇಡಿ,” ಎಂದು ದೊಡ್ಡಮ್ಮನ ಮಡಿಲಿಗೆ ಹಾಕಿದರು. ಸೊಸೆಯ ತಲೆ ನೇವರಿಸಿ, ದಿನಾ ಫೋನ್ ಮಾಡ್ಬೇಕು ಎಂದರು.

ಕಾರು ಹೊರಟಿತು. ಹಿಂದಿನ ಸೀಟಿನಲ್ಲಿ ಅಕ್ಕನನ್ನು ನಡುವೆ ಕೂರಿಸಿಕೊಂಡು ಒಂದು ಕಡೆ ನಾನು, ಇನ್ನೊಂದು ಕಡೆ ದೊಡ್ಡಮ್ಮ. ಒಳಕೋಣೆಯ ಮಂಚ ಎಲ್ಲಿ ಹಾಕಿದೆ, ನೀರೊಲೆಗೆ ಸೌದೆ ಎಷ್ಟು ಒಟ್ಟಿದೆ, ಕೊಬ್ಬರಿ ಖಾರ ಹೇಗೆ ಕುಟ್ಟಿಸಬೇಕು ಎಂದು ದೊಡ್ಡಮ್ಮ ಮಗಳ ಮುಖಕ್ಕೆ ಮುಖ ಕೊಟ್ಟು ಹೇಳುತ್ತಲೇ ಇದ್ದಳು.

“ಅಮ್ಮಾ,” ಎಂದು ಅಕ್ಕ ಮೂಗು ಮುಚ್ಚಿಕೊಂಡಳು, “ಬೆಳ್ಳುಳ್ಳಿ ವಾಸನೆ ಕಣಮ್ಮ! ಆ ಕಡೆ ತಿರುಗ್ಕೊಂಡು ಮಾತಾಡು.”

ನಾನು ಕಿಟಕಿ ಇಳಿಸಿದೆ. ದೊಡ್ಡಮ್ಮ ತಿರುಗಲಿಲ್ಲ. ಮಗಳ ಇನ್ನಷ್ಟು ಹತ್ತಿರ ಬಗ್ಗಿ ಮಾತು ಮುಂದುವರಿಸಿದಳು.